ಕೊಕ್ಕೆಗೆ ಬಳಿದ ವಿಭೂತಿ

ಯಳಂದೂರಿನ ಹತ್ತಿರ ಕರಿಕಲ್ಲು ಕ್ವಾರಿಯೊಂದರಲ್ಲಿ ಕ್ರೇನಿನ ಕೊಕ್ಕೆ ಪರೀಕ್ಷೆ ಮಾಡಲು ಹೋಗಿದ್ದೆ. ಕೊಕ್ಕೆಯ ಬಾಯಿ ಇರಬೇಕಾದ್ದಕ್ಕಿಂತ ಅಗಲವಾಗಿತ್ತು. ಮಿತಿಮೀರಿ ಭಾರ ಎತ್ತಿದ್ದಾರೆ ಅನ್ನಿಸಿ, ಬದಲಾಯಿಸಿ ಎಂದೆ.

ಕ್ರೇನ್ ಮೇಸ್ತ್ರಿ ಬಸಪ್ಪ ಒಪ್ಪಲಿಲ್ಲ. "ಅದ್ಕೇನೂ ಆಗಿಲ್ಲ ಸಾ. ದಿನಾ ಒತ್ತಾರೆ ಪೂಜೆ ಮಾಡೇ ಕಲ್ಲೆತ್ತದು. ಕೆಳ್ಗೆ ನಿಂತ್ಕಳೋನು ನನ್ ತಮ್ಮ. ನಂಗೆ ಭಯ ಇರಲ್ವಾ?"

ವಾದ ಬಿಟ್ಟು, ಕೊಕ್ಕೆಯನ್ನು ಉಜ್ಜಿಸಿ, ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಒರೆಸಿದೆ. ಅದರ ಮೇಲೆ ಬಿಳಿ ಪುಡಿ ಬಳಿದರೆ, ಬಿರುಕಿಗಿಳಿದ ಎಣ್ಣೆ ಹೊರಬಂದು ಗೆರೆ ಮೂಡುತ್ತದೆ. ಆದರೆ ಸೀಮೆಸುಣ್ಣದ ಪುಡಿಯ ಡಬ್ಬಿಯನ್ನು ಕೊಳ್ಳೇಗಾಲದ ರೂಮಿನಲ್ಲೇ ಮರೆತಿದ್ದೆ. ವಿಧಿಯಿಲ್ಲದೆ ಬಸಪ್ಪನ ಹತ್ತಿರ ವಿಭೂತಿ ಕೇಳಿದೆ. ನನಗೂ ಭಕ್ತಿ ಬಂತೆಂದು ಅವನು ಖುಷಿಯಾಗಿ, ಮಾದಪ್ಪನ ಬೆಟ್ಟದಿಂದ ತಂದಿದ್ದ ಗಟ್ಟಿಯನ್ನು ಪುಡಿ ಮಾಡಿ ತಾನೇ ಬಳಿದ.

ಐದು ನಿಮಿಷದಲ್ಲಿ ಕೊಕ್ಕೆಯ ಬಾಗಿನಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಕಾಣಿಸಿತು. ಬಸಪ್ಪ ಅದನ್ನು ಬೆರಳಿನಿಂದ ಒರೆಸಿ ಮತ್ತೆ ವಿಭೂತಿ ಬಳಿದ. ಗೆರೆ ಮತ್ತೆ ಬಂತು.

"ಲೇ, ಮೇಲಕ್ ಬಾರ್ಲಾ!" ಎಂದು ಕುಳಿಯಲ್ಲಿದ್ದ ತಮ್ಮನನ್ನು ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಯೋಳ್ದಾಗ ನಂಬ್ನಿಲ್ಲ ಸಾ. ಮಾದಪ್ಪನೇ ತೋರ್ಸ್ಬುಟ್ಟ" ಎಂದ.

ಆ ಕೊಕ್ಕೆಯನ್ನು ಅವತ್ತೇ ಕ್ರೇನಿನಿಂದ ಬಿಚ್ಚಿಸಿದರು. ವರದಿಯಲ್ಲಿ ಮಾತ್ರ ಸೀಮೆಸುಣ್ಣದ ಪುಡಿ ಎಂದೇ ಬರೆದೆ. ನಮ್ಮ ಆಫೀಸಿನವರು ನಂಬುವುದು ಅದನ್ನು.