ಏರಿನಲ್ಲಿ ನಿಲ್ಲುತ್ತಿದ್ದ ಜೀಪು

ಎರಡು ಸಲ ಸೋಪು ಹಚ್ಚಿ ತೊಳೆದರೂ ಕೈಯ ಪೆಟ್ರೋಲ್ ವಾಸನೆ ಹೋಗಿಲ್ಲ. ಶಹಾಪುರದ ಮನೆಯಲ್ಲಿ ಊಟಕ್ಕೆ ಕೂತಿದ್ದೇನೆ, ರೊಟ್ಟಿಯೂ ಅದೇ ವಾಸನೆ ಹೊಡೆಯುತ್ತಿದೆ. ನೀವು ಬೇಕಾದರೆ ಸ್ವಲ್ಪ ದೂರ ಸರಿದು ಕೂತು ಕೇಳಿ.

ಖಾನಾಪುರದ ನಮ್ಮ ಕಾಕಾನ ಹತ್ತಿರ ಹಳೆಯ ಪೆಟ್ರೋಲ್ ಜೀಪಿತ್ತು. ಜಾಂಬೋಟಿಯ ಆಚೆ ಅವನ ಭತ್ತದ ಗದ್ದೆ. ಕೊನೆಯ ದಾರಿಯೆಲ್ಲ ಕೆಸರು, ಕಲ್ಲು, ಏರು. ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲದೆ ಬೇರೆಯದು ಅಲ್ಲಿ ನಡೆಯುತ್ತಿರಲಿಲ್ಲ. ಕೆಸರಿಗೆ ಅಂಜದ ಈ ಜೀಪು ಏರು ಬಂದರೆ ಮಾತ್ರ ಅರ್ಧಕ್ಕೇ ಕೆಮ್ಮಿ ನಿಂತುಬಿಡುತ್ತಿತ್ತು. ಕಾಕಾ ಇಳಿದು, ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಅರಿವೆ ಹಾಸುತ್ತಿದ್ದ. "ಗಾಡಿಗೂ ದಮ್ಮು ಹತ್ತತೈತಿ. ಆರಲಿ" ಎಂದು ಎಲಿ ಅಡಿಕಿ ಬಾಯಿಗೆ ಹಾಕಿಕೊಂಡು ಕೂರುತ್ತಿದ್ದ.

ಇಂಥ ರೋಗಕ್ಕೆ ಊರೆಲ್ಲ ವೈದ್ಯರೇ. ರೇಡಿಯೇಟರ್ ಕಟ್ಟಿದೆ ಎಂದು ಒಬ್ಬರು, ಫ್ಯಾನ್ ಬೆಲ್ಟ್ ಸಡಿಲ ಎಂದು ಇನ್ನೊಬ್ಬರು. ಜನ್ಮದಲ್ಲಿ ಒಂದು ನಟ್ಟು ತಿರುಗಿಸದ ನಾನೂ ಸಲಹೆ ಕೊಟ್ಟವನೇ. ಕಾಕಾ ಎಲ್ಲರಿಗೂ "ನೋಡೂಣಂತ" ಎನ್ನುತ್ತಿದ್ದ, ಏನೂ ಮಾಡುತ್ತಿರಲಿಲ್ಲ.

ದಾರಿ ಬದಿಯ ಕಲ್ಲಿನ ಮೇಲೆ ಕೊಡೆ ಹಿಡಿದು ಕೂತ ಕಾಕಿ ಅನ್ನುವಳು: "ಈ ಗಾಡಿಗಿ ಮಾಡೂ ಉಪಚಾರದಾಗ ಅರ್ಧಾ ನನಗ ಮಾಡಿದ್ರ ಸಾಕಾಗಿತ್ತ." ನಾವು ನಗುತ್ತಿದ್ದೆವು. ಕಾಕಿ ನಗುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡಾಗಲೂ, ಮಾತಾಡಿಸಲು ಹೋದವರ ಮುಂದೆ ಅವಳು ಅದನ್ನೇ ಹೇಳಿದಳು: "ಅವರು ಜೀವಾ ಇಟ್ಟಿದ್ದು ಗಾಡಿ ಮ್ಯಾಲ. ನಾ ಬಾಜೂಕ ಕುಂತಾಕಿ, ಅಷ್ಟ." ದುಃಖಕ್ಕೆ ಔಷಧವಿಲ್ಲದಿದ್ದರೂ ಕಾಲವಾದರೂ ಇದೆ, ಈ ಕೊರಗಿಗೆ ಅದೂ ಇರಲಿಲ್ಲ. ಅವಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಈಗ ಜೀಪು ಮಾರುವ ಮಾತಾಗಿದೆ. ಹಿಂಡಲಗಾದ ಗಿರಾಕಿ, ಏರಿನಲ್ಲಿ ನಿಲ್ಲುವ ಚಾಳಿ ಬಿಡಿಸಿದರೆ ಒಯ್ಯುತ್ತೇನೆ ಎಂದಿದ್ದಾನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತನಾಗಿದ್ದ ನಾನು ಇವತ್ತು ಬೆಳಿಗ್ಗೆ ಕಾಕಿಯನ್ನು ಕೂರಿಸಿಕೊಂಡು ಅದೇ ಏರಿಗೆ ಹೋದೆ. ಜೀಪು ತಪ್ಪದೆ ನಿಂತಿತು. ನೋಡಿದರೆ ರೇಡಿಯೇಟರಿನಲ್ಲಿ ನೀರು ಸರಿ ಇದೆ, ಬಿಸಿ ತೋರಿಸುವ ಮುಳ್ಳು ನಡುವೆಯೇ ಇದೆ. ಅಂದರೆ ಕಾದದ್ದು ಇಂಜಿನ್ನಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನೊಳಗೆ ಪೆಟ್ರೋಲ್ ಕುದಿದು ಆವಿಯಾಗಿ ಪಂಪು ಬರೀ ಗಾಳಿ ಎಳೆಯುತ್ತಿತ್ತು. ಪೈಪಿನ ದಾರಿ ಹಿಡಿದು ಕೈಯಾಡಿಸುತ್ತ ಹೋದೆ, ಬೆರಳು ಸುಟ್ಟಿತು. ಪೈಪು ಕಾದ ಸೈಲೆನ್ಸರ್ ಕೊಳವೆಗೆ ಒತ್ತಿಕೊಂಡೇ ಹೋಗಿತ್ತು. ಅದು ಇರಬೇಕಾದ ಜಾಗ ಇನ್ನೊಂದು ಬದಿಗೆ, ಕಾಕಿಯ ಸೀಟಿನ ಕೆಳಗೆ. ಅಲ್ಲಿ ಖಾಲಿ ಕ್ಲಿಪ್ಪುಗಳು ತುಕ್ಕು ಹಿಡಿದಿದ್ದವು.

"ಕಾಕಿ, ಪೈಪ್ ನಿನ್ನ ಸೀಟಿನ ಬುಡಕ ಇತ್ತ. ಕಾಕಾ ಯಾಕ ಸರಿಸಿದ?"

ಕಾಕಿ ಬಗ್ಗಿ ಆ ಕ್ಲಿಪ್ಪುಗಳನ್ನು ನೋಡಿದಳು. "ಲಗ್ನಾದ ಹೊಸದಾಗ ಪೆಟ್ರೋಲ್ ವಾಸನಿಗಿ ನನಗ ದಾರಿ ತುಂಬ ವಾಂತಿ ಆಗ್ತಿತ್ತ. ಮುಂದ ವಾಸನಿ ಬರೂದು ನಿಂತ್ತ. ರೂಢಿ ಆತು ಅಂತ ತಿಳಕೊಂಡಿದ್ದೆ, ತಮ್ಮಾ." ಆಮೇಲೆ ಮೆಲ್ಲಗೆ, "ಗಾಡಿ ನಿಲ್ಲಾಕ ಹತ್ತಿದ್ದೂ ಆವಾಗಿಂದನ" ಎಂದಳು.

"ಹಂಗ ಬಿಡ್ಲೇನು?" ಎಂದೆ.

"ಬ್ಯಾಡ. ಒಯ್ಯಾವ್ರು ದಾರ್ಯಾಗ ನಿಲ್ಲಬಾರದ." ಸೀಟಿಗೆ ಹತ್ತುತ್ತ ಅಂದಳು: "ನನಗರ ಒಂದ್ ಮಾತ ಹೇಳಬೇಕಿತ್ತಲ್ಲಪಾ. ವಾಸನಿ ನಾ ತಡಕೊಂತಿದ್ದೆ."

ಖಾನಾಪುರಕ್ಕೆ ವಾಪಸಾಗಿ ಮೆಕ್ಯಾನಿಕ್‌ನ ಹತ್ತಿರ, ನಾನೂ ಕೈ ಹಾಕಿ, ಪೈಪನ್ನು ಮೊದಲಿನ ಜಾಗಕ್ಕೆ ಹಾಕಿಸಿದೆ. ಮಧ್ಯಾಹ್ನ ಮತ್ತೆ ಇಬ್ಬರೂ ಏರಿಗೆ ಹೋದೆವು. ಜೀಪು ಎಲ್ಲೂ ನಿಲ್ಲಲಿಲ್ಲ. ಸೀಟಿನ ಕೆಳಗಿನಿಂದ ಎದ್ದ ಪೆಟ್ರೋಲ್ ವಾಸನೆ ತಾಳದೆ ನಾನೇ ಮುಖ ಹೊರಗೆ ಚಾಚಿದೆ.

"ನಿಲ್ಲಸ್ಲೇನು, ಕಾಕಿ?"

"ಬ್ಯಾಡ, ನಡಿ" ಎಂದಳು. ಗದ್ದೆ ಮುಟ್ಟುವ ತನಕ ಸೆರಗನ್ನು ಮೂಗಿಗೆ ಒಯ್ಯಲಿಲ್ಲ.