ಬಿಜಲಿಯ ಎರಡನೇ ಸುಳಿ

ಚಿಗವ್ವಾ, ಬಿಜಲಿ ನನ್ನನ್ನು ಕೆಡವಲಿಲ್ಲ. ನಾನೇ ಅದಕ್ಕೆ ಹೊಡೆದೆ. ಹೊಡೆದು ಕಲ್ಲಿನ ಇಳಿಜಾರಿಗೆ ಓಡಿಸಿದೆ. ಕುದುರೆ ಮುಗ್ಗರಿಸಿತು, ನಾನು ಬಿದ್ದೆ. ಆಮೇಲೆ, ನೀನು ನನ್ನನ್ನು ನಂಬಿ ಹೇಳಿದ ಗುಟ್ಟನ್ನು ಎಲ್ಲರೆದುರು ಬಯಲು ಮಾಡಿ ಪಾರಾದೆ. ನೀನು ತೀರಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ — ಎಂಥ ಧೈರ್ಯವಂತೆ ನೋಡು ನಾನು!

ಓದುವವರಿಗೆ ನೀನು ಯಾರೆಂದು ಹೇಳಬೇಕಲ್ಲ. ಅಪ್ಪನ ತಮ್ಮ, ನಮ್ಮ ಕಾಕಾನ ಹೆಂಡತಿ ನೀನು. ಅಪ್ಪನದು ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರ. ಸಿರಸಂಗಿ ಹತ್ತಿರದ ಊರಿನ ಹಿರೇಮನೆಯಲ್ಲಿ ಇದ್ದವರು ಅಜ್ಜಿ ಮತ್ತು ನೀನು. ಬಿಜಲಿಯನ್ನು ಕೊಂಡು ತಂದ ಮರುವರ್ಷವೇ ಕಾಕಾ ಜ್ವರದಿಂದ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ಹೊಲ ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಅದಕ್ಕೇ, ಕಾಕಾ ಕಲಿಸಿಕೊಟ್ಟ ಸವಾರಿಯನ್ನು ನೀನು ಬಿಡದಿದ್ದರೂ ಅಜ್ಜಿ ಹಲ್ಲುಕಚ್ಚಿ ಸುಮ್ಮನಿದ್ದಳು.

ಎಪ್ಪತ್ತರ ದಶಕದ ಒಂದು ಬೇಸಿಗೆ ರಜೆ ಅದು. ಮೆಟ್ರಿಕ್ ಪರೀಕ್ಷೆ ಬರೆದು ನಿನ್ನ ಹತ್ತಿರ ಬಂದಿದ್ದೆ. ನಿನ್ನ ಟ್ರಂಕಿನ ಮುಚ್ಚಳದ ಒಳಗೆ ನೀನು ಯಾವುದೋ ಪತ್ರಿಕೆಯ ಚಿತ್ರ ಅಂಟಿಸಿದ್ದೆ. ದಕ್ಷಿಣ ಅಮೇರಿಕಾದ ಹುಲ್ಲುಗಾವಲು, ಕುದುರೆ ಸಾಕುವ ದೊಡ್ಡ ಜಮೀನು. ಪೇಟೆಯ ಜನ ಅಲ್ಲಿಗೆ ರಜೆ ಕಳೆಯಲು ಹೋಗಿ ಇಡೀ ದಿನ ಸವಾರಿ ಮಾಡುತ್ತಾರಂತೆ. ಟೊಪ್ಪಿಗೆ ಹಾಕಿದ ಹೆಂಗಸೊಬ್ಬಳು ಕುದುರೆ ಮೇಲೆ ಕೂತು ನಗುತ್ತಿದ್ದಳು.

“ನೋಡು, ಆಕಿಗೆ ಯಾರೂ ಏನೂ ಅನ್ನೂದಿಲ್ಲ,” ಅಂದೆ ನೀನು. ಆಮೇಲೆ ನಕ್ಕೆ. “ಅಷ್ಟ ದೂರ ನಾವೆಲ್ಲಿ ಹೋಗೂಣು? ನಮ್ಮ ಮಡ್ಡೀನಽ ಅಮೇರಿಕಾ ಅಂತ ತಿಳಕೊಂಡಬಿಡು.”

ಊರಾಚೆಯ ಆ ಮಡ್ಡಿಯಲ್ಲಿ ಹುಲ್ಲು ಕಡಿಮೆ, ಕಲ್ಲೇ ಹೆಚ್ಚು. ಆದರೂ ನಮಗೆ ಅದು ಅಮೇರಿಕಾ ಆಯಿತು. ನೀನು ಕಚ್ಚೆ ಹಾಕಿ, ನಾನು ಅಣ್ಣನ ಪಾಯಜಾಮಾ ತೊಟ್ಟು — ಬೆಳಿಗ್ಗೆ ಬೇಗ ಹೊರಡುತ್ತಿದ್ದೆವು. “ಲಗಾಮ ಜಗ್ಗಬ್ಯಾಡ, ಹಿಡಿ ಅಷ್ಟ. ಹೊಡಿಬ್ಯಾಡ. ಬಿಜಲಿಗೆ ಇಲ್ಲೀತನಕಾ ಯಾರೂ ಹೊಡದಿಲ್ಲ.” ಮನೆಯೊಳಗೆ ನಿನ್ನ ಮಾತು ‘ಹೂಂನ್ರಿ’, ‘ಬಂದೆನ್ರಿ’ ಅನ್ನುವುದರಲ್ಲೇ ಮುಗಿಯುತ್ತಿತ್ತು. ಮಡ್ಡಿಗೆ ಬಂದರೆ ಎಷ್ಟು ಮಾತು! ಕೇಳುವವರಿಗಾಗಿ ನೀನು ಎಷ್ಟು ದಿನದಿಂದ ಕಾದಿದ್ದೆಯೋ — ಹುಡುಗಿಯಾಗಿದ್ದ ನನಗೆ ಅದು ತಿಳಿಯಲಿಲ್ಲ.

ಒಂದು ದಿನ ನೀನು ಬಿಜಲಿಯ ಹಣೆಗೂದಲು ಬಾಚುತ್ತ, ಅದನ್ನೆತ್ತಿ ತೋರಿಸಿದೆ. ಒಂದರ ಕೆಳಗೊಂದು, ಎರಡು ಸುಳಿ. ನಮ್ಮ ಕಡೆ ಕುದುರೆ, ಎತ್ತು ಕೊಳ್ಳುವವರು ಮೊದಲು ಸುಳಿ ನೋಡುತ್ತಾರೆ. ಹೀಗೆ ಎರಡಿದ್ದರೆ ಯಜಮಾನನಿಗೆ ಕೇಡು ಎನ್ನುತ್ತಾರೆ.

“ತಂದ ಮ್ಯಾಲ ನನ್ನ ಕಣ್ಣಿಗೆ ಬಿತ್ತು. ನಿಮ್ಮ ಕಾಕಾಗ ಹೇಳಿದೆ. ಕೂದಲದಾಗ ಏನೈತಿ ಅಂತ ನಕ್ಕರು,” ಅಂದೆ. “ನಿಮ್ಮ ಅಜ್ಜಿಗೆ ಗೊತ್ತಾದ್ರ ಇದನ್ನ ಒಂದ ದಿನಾನೂ ಇಟ್ಟಕೊಳ್ಳೂದಿಲ್ಲ. ನೀ ಯಾರ ಮುಂದೂ ಅನಬ್ಯಾಡವಾ.”

ನಾನು ಸಿರಸಂಗಿ ಕಾಳವ್ವನ ಆಣೆ ಮಾಡಿ ಒಪ್ಪಿಕೊಂಡೆ.

ಕೆಲವು ದಿನಗಳಾದ ಮೇಲೆ, ಮಧ್ಯಾಹ್ನ ನೀನು ಮಲಗಿದ್ದಾಗ, ನಾನು ಕೇಳದೆ ಬಿಜಲಿಯನ್ನು ಬಿಚ್ಚಿಕೊಂಡು ಹೋದೆ. ಅದು ಕಲ್ಲಿನ ಇಳಿಜಾರಿಗೆ ಇಳಿಯಲೊಲ್ಲದು. ನನಗೆ ಸಿಟ್ಟು ಬಂತು. ಕೈಯಲ್ಲಿ ಜಾಲಿಯ ಕೋಲು ಇತ್ತು... ಬಿದ್ದು ಎಡಗೈ ಮುರಿದುಕೊಂಡೆ. ತನ್ನ ಮೊಣಕಾಲಿನಿಂದ ರಕ್ತ ಬರುತ್ತಿದ್ದರೂ ಬಿಜಲಿ ಓಡಿಹೋಗಲಿಲ್ಲ, ನನ್ನ ಪಕ್ಕದಲ್ಲೇ ನಿಂತಿತ್ತು.

ಸವದತ್ತಿಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಅಪ್ಪ ಬೈಲಹೊಂಗಲದಿಂದ ಬಂದಿದ್ದ. ಪಡಸಾಲೆಯಲ್ಲಿ ಅಜ್ಜಿ, ಬಾಗಿಲ ಮರೆಯಲ್ಲಿ ನೀನು. “ಯಾರನ್ನ ಕೇಳಿ ಹತ್ತಿದಿ?” ಅಂದ ಅಪ್ಪ. ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸಲು ಆತ ಅರೆಮನಸ್ಸಿನಿಂದ ಒಪ್ಪಿದ್ದ. ಅದು ತಪ್ಪಿಹೋಗುತ್ತದೆ ಎಂಬ ಭಯ — ಬಾಯಿಂದ ಬಂದೇಬಿಟ್ಟಿತು:

“ನಾ ಏನೂ ಮಾಡಿಲ್ರಿ ಅಪ್ಪಾ. ಸುಮ್ಮಸುಮ್ಮನ ಕೆಡವಿತು. ಅದರ ಹಣಿ ಮ್ಯಾಲ ಎರಡ ಸುಳಿ ಅದಾವ. ಚಿಗವ್ವ ಕೂದಲಾ ಬಾಚಿ ಮುಚ್ಚತಾಳ.”

ಆ ಕೊನೆಯ ಮಾತು ಬೇಕಾಗಿರಲಿಲ್ಲ. ಯಾಕೆ ಸೇರಿಸಿದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿದೆ. ತಪ್ಪು ಪೂರ್ತಿಯಾಗಿ ಇನ್ನೊಬ್ಬರ ಮೇಲೆ ಬೀಳಬೇಕಿತ್ತು, ಅಷ್ಟೇ.

ಅಜ್ಜಿ ಎದ್ದು ಹೋಗಿ ಬಿಜಲಿಯ ಹಣೆಗೂದಲು ಎತ್ತಿ ನೋಡಿ ಬಂದಳು. “ನಿನಗ ಮೊದಲಽ ಗೊತ್ತಿತ್ತೇನ?” ಎಂದು ನಿನ್ನನ್ನು ಕೇಳಿದಳು.

“ಗೊತ್ತಿತ್ರಿ.”

ಅಷ್ಟೇ ಹೇಳಿದೆ ನೀನು. ನಿನ್ನ ಗಂಡನಿಗೂ ಗೊತ್ತಿತ್ತು ಎನ್ನಬಹುದಿತ್ತು. ನಾನು ಕೇಳದೆ ಒಯ್ದೆ ಎನ್ನಬಹುದಿತ್ತು. ಒಂದೇ ಸಲ ನನ್ನ ಕಡೆ ನೋಡಿದೆ. ನಾನು ಪ್ಲಾಸ್ಟರ್ ನೋಡುತ್ತ ಕೂತೆ. “ನನ್ನ ಮಗನ್ನ ಕೊಂದಾಕಿ ನೀನಽ,” ಎಂದು ಅಜ್ಜಿ ಎದೆ ಎದೆ ಬಡಿದುಕೊಂಡಳು. ಅಂದಿನಿಂದ ನಮ್ಮ ಮನೆಯಲ್ಲಿ ಕಾಕಾ ಜ್ವರದಿಂದ ಸತ್ತವನಲ್ಲ, ನೀನು ಬಾಯಿ ಮುಚ್ಚಿಕೊಂಡಿದ್ದರಿಂದ ಸತ್ತವನು.

ಬಿಜಲಿಯನ್ನು ರಾಮದುರ್ಗದ ಕಡೆಯ ಟಾಂಗಾದವನಿಗೆ ಮಾರಿದರು. “ಟಾಂಗಾಕ್ಕ ಯಾರ ಸುಳಿ ನೋಡತಾರ್ರಿ?” ಎಂದು ನಗುತ್ತ ಹಿಡಿದುಕೊಂಡು ಹೋದ. ನೀನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೊಲವನ್ನು ಪಾಲಿಗೆ ಕೊಟ್ಟರು. ಆಮೇಲೆ ನೀನು ನಡೆದುಕೊಂಡು ಕೂಡ ಮಡ್ಡಿಗೆ ಹೋಗಲಿಲ್ಲವಂತೆ. ನಾನು ಧಾರವಾಡಕ್ಕೆ ಹೋಗಿ ಕಾಲೇಜು ಕಲಿತೆ.

ಮದುವೆಯಾಗಿ ಕಿತ್ತೂರು ಸೇರಿದ ಮೇಲೆ ಒಮ್ಮೆ ಬಂದೆ. ನೀನು ಒಳಗೆ ಜೋಳ ಹಸನು ಮಾಡುತ್ತಿದ್ದೆ. ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಎಲ್ಲ ಹೇಳಿದೆ. ನೀನು ತಲೆ ಎತ್ತಲಿಲ್ಲ.

“ಗೊತ್ತೈತಿ. ಅದರ ಮೈಮ್ಯಾಲಿನ ಬಾಸುಂಡಿಗೆ ನಾನಽ ಎಣ್ಣಿ ಹಚ್ಚೀನಿ.” ಮೊರದಲ್ಲಿ ಒಂದು ಸಲ ಕೇರಿದೆ. “ನನಗ ಹೇಳಿ ಏನ ಮಾಡತಿ? ಅವರಿಗೆ ಹೇಳು.”

ಅಜ್ಜಿ ಆಗ ಪಡಸಾಲೆಯಲ್ಲೇ ಕೂತಿದ್ದಳು. ನಡುವೆ ಒಂದು ಹೊಸ್ತಿಲು. ನಾನು ಎದ್ದೆ, ಹೊಸ್ತಿಲು ದಾಟಿದೆ, ಅಜ್ಜಿಯ ಮುಂದೆ ನಿಂತೆ — ಮೊಣಕಾಲು ನೋವು ಹೇಗಿದೆ ಎಂದು ಕೇಳಿ, ಯರಗಟ್ಟಿಯ ಬಸ್ಸು ಹಿಡಿದೆ.

ಅಜ್ಜಿ ಹೋದಳು, ಅಪ್ಪ ಹೋದ. ಈ ವರ್ಷ ನೀನೂ ಹೋದೆ. ಮಣ್ಣಿಗೆ ಒಯ್ಯುವ ಮುನ್ನ, ನಮ್ಮ ಪದ್ಧತಿಯಂತೆ ಹೂ ಹಾಕಿ ನಿನ್ನನ್ನು ಕೂರಿಸಿದ್ದರು. ಈಕೆ ಯಾಕೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ ಎಂದು, ಈಗ ಹಿರೇಮನೆಯಲ್ಲಿರುವ ಅಣ್ಣನ ಹೊಸ ಸೊಸೆ ಕೇಳಿದಳು. “ಒಂದ ಕುದುರಿ ಇತ್ತವಾ. ಅದರ ಕೆಟ್ಟ ಸುಳಿ ಮುಚ್ಚಿಟ್ಟು ಗಂಡನ್ನ ಕಳಕೊಂಡಾಕಿ,” ಎಂದು ಯಾರೋ ಪಿಸುಗುಟ್ಟಿದರು. ಆ ಹುಡುಗಿ ನಿನ್ನ ಮುಖ ನೋಡಿ ಸ್ವಲ್ಪ ಹಿಂದೆ ಸರಿದು ಕೂತಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಚಿಗವ್ವಾ. ಆಗಲೂ ಸುಮ್ಮನಿದ್ದೆ.

ಈ ಸೋಮವಾರ ಹಿರೇಮನೆಗೆ ಹೋಗಿ, ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಓದುತ್ತೇನೆ. ಮೊದಲು ಆ ಹುಡುಗಿಯನ್ನು ಕರೆಯುತ್ತೇನೆ. ನಿನಗೆ ಇದರಿಂದ ಇನ್ನು ಏನೂ ಸಿಗುವುದಿಲ್ಲ, ಗೊತ್ತು.