ದಫ್ತರಕ್ಕೆ ಬೆಂಕಿ ಇಟ್ಟವರು

ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಾಗ ನಾನು ಒದ್ದೆ ಕರವಸ್ತ್ರವೊಂದನ್ನು ಜೊತೆಗೆ ಒಯ್ಯುತ್ತೇನೆ. ಕಾಯಿಯನ್ನು ಅದರಲ್ಲಿ ತಿಕ್ಕಿ, ಬಟ್ಟೆಗೆ ಬಣ್ಣ ಹತ್ತದಿದ್ದರಷ್ಟೇ ಚೀಲ ಬಿಚ್ಚುವುದು. ಬ್ಯಾಡಗಿಯಲ್ಲೇ ಬೆಳೆದು, ಇಲ್ಲಿಯ ಮಕ್ಕಳಿಗೆ ಮೂವತ್ತು ವರ್ಷ ಇತಿಹಾಸ ಕಲಿಸಿದ ಅಕ್ಕಾರು ಹೀಗೆ ಮಾಡುವುದು ಊರಿಗೇ ಅವಮಾನವೆಂದು ವ್ಯಾಪಾರಿಗಳು ಮುನಿಯುತ್ತಾರೆ. ಏನು ಮಾಡಲಿ ಗೆಳೆಯರೇ, ಅಭಿಮಾನಕ್ಕಿಂತ ಅನುಮಾನವೇ ನನಗೆ ಹೆಚ್ಚು ಒಗ್ಗಿದ ಗುಣ.

ಹೀಗಿರುವ ನನಗೆ ರಾಣೇಬೆನ್ನೂರಿನ ಕಲಾ ಉತ್ಸವದ ಆಮಂತ್ರಣ ಬಂತು. ಮುಚ್ಚಿಹೋದ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಮೂರು ದಿನದ ಪ್ರಯೋಗ, ‘ವಸಾಹತು ಇನ್ನೂ ಮುಗಿದಿಲ್ಲ’ ಎಂಬ ಹೆಸರು. ಪ್ರಯೋಗವೆಂದರೆ ಪ್ರಯೋಜನವಿಲ್ಲದ್ದಕ್ಕೆ ಇಟ್ಟ ಮರ್ಯಾದೆಯ ಹೆಸರೆಂದು ನಂಬಿದವಳು ನಾನು. ಹೋದೆನಾದರೂ ಹುಳುಕು ಹುಡುಕಲೆಂದೇ ಹೋದೆ. ಬ್ರಿಟಿಷರನ್ನು ಬಯ್ಯುವ ಫಲಕದ ಕೆಳಗೆ ಎಲ್ಲರೂ ಚಹಾ ಕುಡಿಯುತ್ತಿದ್ದರು. ಗೋಡೆಗೆ ಗೋಣಿತಾಟು ಹೊಡೆದು ಅದರ ಮೇಲೆ ಹಳೆಯ ರೈಲುದಾರಿಯ ನಕಾಶೆ ಬರೆದಿದ್ದರು. ಗೋಣಿಯನ್ನು ಹೊತ್ತು ಬೆನ್ನು ಸವೆಸಿಕೊಂಡವರು ಮಾತ್ರ ಅಲ್ಲಿ ಯಾರೂ ಕಾಣಲಿಲ್ಲ.

ಶೆಡ್ಡಿನ ನಡುವೆ ಎದುರುಬದುರು ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಕುಳಿತವರು ತಮ್ಮ ಮನೆತನದ ನೆನಪೊಂದನ್ನು ಹೇಳಬೇಕು. ಅದಕ್ಕೆ ಉತ್ತರವಿದ್ದ ಯಾರಾದರೂ ಬಂದು ಇನ್ನೊಂದರಲ್ಲಿ ಕುಳಿತುಕೊಳ್ಳಬಹುದು. ಉತ್ಸವ ಮಾಡಿಸುತ್ತಿದ್ದ ಚೇತನಾ ಎಂಬ ಚಿತ್ರಕಲಾವಿದೆ, “ಅಕ್ಕಾರ, ನಿಮ್ಮಜ್ಜಾರ ಕಥಿ ಹೇಳ್ರಿ. ಭಾಳ ಮಂದಿ ಅದನ್ನ ಕೇಳ್ಯಾರ” ಎಂದು ಒತ್ತಾಯಿಸಿದಳು.

ಆ ಕಥೆಯನ್ನು ನಾನು ಎಷ್ಟೋ ಆಗಸ್ಟ್ ಹದಿನೈದುಗಳಲ್ಲಿ ಹೇಳಿದ್ದೆ. ಕಾಗಿನೆಲೆ ಹತ್ತಿರದ ಹಳ್ಳಿಯಲ್ಲಿ ಸರಕಾರದ ದಫ್ತರ ಬರೆಯುವ ಕುಲಕರ್ಣಿಯಾಗಿದ್ದ ನನ್ನ ಅಜ್ಜ, ಚಲೇಜಾವ್ ಚಳವಳಿಯ ಕಾಲದಲ್ಲಿ ತಾನು ಬರೆದ ದಫ್ತರಗಳನ್ನೆಲ್ಲ ಚಾವಡಿಯ ಮುಂದೆ ರಾಶಿ ಹಾಕಿ, ತನ್ನ ಕೈಯಿಂದಲೇ ಬೆಂಕಿ ಇಟ್ಟನೆಂಬ ಕಥೆ. ಅಂದೂ ಹೇಳಿದೆ. ಚಪ್ಪಾಳೆ ಬಿತ್ತು.

ಆಮೇಲೆ ಎಂಬತ್ತರ ಹತ್ತಿರದ ಮುದುಕಿಯೊಬ್ಬಳು ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ತನ್ನ ಹೆಸರು ನೀಲವ್ವ, ತಾನೂ ಅದೇ ಹಳ್ಳಿಯವಳು ಎಂದಳು.

“ಬೆಂಕಿ ಹಚ್ಚಿದಾಂವ ನಮ್ಮಪ್ಪರಿ. ನಿಮ್ಮಜ್ಜಾರು ಪೊಲೀಸರ ಮುಂದ ನಮ್ಮಪ್ಪನ ಹೆಸರು ಹೇಳಿದ್ರು. ಜೇಲಿನಿಂದ ಬಂದ ಮ್ಯಾಲೆ ಅವನ ಬಲಗೈ ಮ್ಯಾಲೆ ಏಳಲೇ ಇಲ್ಲ. ನನ್ನ ಎಡಗೈಲೇ ಎತ್ತಿ ಆಡಿಸ್ಯಾನ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೇಳಿ ಎದ್ದು ಹೋದಳು. ಇದೆಲ್ಲ ಕಲಿಸಿ ಕೂಡಿಸಿದ ನಾಟಕವೆಂಬ ಸಂಶಯ ಮೊದಲು ಬಂತು. ಸಂಶಯವೆನ್ನುವುದಕ್ಕಿಂತ ಅದು ನನಗೆ ಸಿಕ್ಕ ಆಸರೆ. ಚೇತನಾಳನ್ನು ಬದಿಗೆ ಕರೆದು, “ಈಕಿನ್ನ ನೀನ ಕರಿಸೀಯೇನು?” ಎಂದು ಕೇಳಿದೆ.

“ಇಲ್ಲರಿ. ಮೊಮ್ಮಗಳ ಜೋಡಿ ನೋಡಾಕ ಬಂದಾರ. ಡೌಟ್ ಇದ್ರ ಅವರನ್ನ ಕೇಳ್ರಿ.”

ನೀಲವ್ವನನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಹಾವೇರಿಯ ಬಸ್ಸು ಹತ್ತಿದೆ. ಅಲ್ಲಿ ಅಜ್ಜನ ಕಿರಿಯ ಮಗಳು, ನನ್ನ ಸೋದರತ್ತೆ ಅಂಬಕ್ಕ ಇದ್ದಾಳೆ. ಬಸ್ಸಿನಲ್ಲಿ ಕುಳಿತಾಗ ಒಂದು ವಿಚಾರ ಮುಳ್ಳಿನಂತೆ ಚುಚ್ಚತೊಡಗಿತು. ತರಗತಿಯಲ್ಲಿ ಯಾವ ಹುಡುಗ ಏನು ಹೇಳಿದರೂ “ಆಧಾರ ಏನು?” ಎಂದು ನಿಲ್ಲಿಸಿ ಕೇಳುತ್ತಿದ್ದ ನಾನು, ಮನೆಯ ಕಥೆಗೆ ಒಂದು ದಿನವೂ ಆಧಾರ ಕೇಳಿರಲಿಲ್ಲ. ನನ್ನ ಅನುಮಾನಕ್ಕೆ ಹೊಸ್ತಿಲಿತ್ತು. ಅದು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ನೀಲವ್ವನ ಹೆಸರೆತ್ತದೆ, ಕೇಳಿದ್ದನ್ನು ಹೇಳಿದೆ. ಆಕೆ ‘ಸುಳ್ಳು’ ಎನ್ನಲಿಲ್ಲ. “ಯಾರು ಹೇಳಿದ್ರು ನಿನಗ?” ಎಂದಳು. ಉತ್ತರ ನನಗೆ ಅಷ್ಟರಲ್ಲೇ ಸಿಕ್ಕಿತ್ತು.

ಸುಲಿದ ಕಾಳನ್ನು ಬುಟ್ಟಿಗೆ ಸುರಿದು ತಾನಾಗಿ ಮಾತಾಡಿದಳು. “ಹೆಸರು ಹೇಳಿದ್ದು ಖರೇ ಅದ. ಎರಡು ದಿನ ಠಾಣೆದಾಗ ಕೂಡಿಸಿದ್ರು. ಮನ್ಯಾಗ ನಾವು ಆರು ಮಕ್ಕಳು. ಅಂಜಿದ. ಆದ್ರ ಅಪ್ಪ ಒಂದಿನಾನೂ ‘ನಾನ ಹಚ್ಚಿದೆ’ ಅಂದಿಲ್ಲ ನೋಡು. ಸ್ವಾತಂತ್ರ್ಯ ಬಂದ ಮ್ಯಾಲೆ ಹಾಂಗ ಅಂದವರು ನಾವು, ಮಕ್ಕಳು. ಅಂವ ಕೇಳಿ ಸುಮ್ಮನಿದ್ದ.”

ಆ ಸುಮ್ಮನಿರುವಿಕೆಯನ್ನು ನಾವು ವಿನಯವೆಂದು ಓದಿಕೊಂಡಿದ್ದೆವು.

ಉತ್ಸವದ ಕಡೆಯ ದಿನ ಬೆಳಿಗ್ಗೆ ಮತ್ತೆ ರಾಣೇಬೆನ್ನೂರಿಗೆ ಹೋಗಿ, ಈ ಸಲ ಉತ್ತರದ ಕುರ್ಚಿಯಲ್ಲಿ ಕುಳಿತು, ನನ್ನದೇ ಕಥೆಯನ್ನು ಸುಳ್ಳೆಂದು ಹೇಳಿದೆ. ಚೇತನಾ ಅತ್ತಳು, ನಾಲ್ಕು ಜನ ಬಂದು ಕೈ ಹಿಡಿದರು. ಇದೂ ನನಗೆ ಸಂಶಯವನ್ನೇ ತಂದಿತು, ಏಕೆಂದರೆ ಎರಡು ದಿನಗಳ ಹಿಂದೆ ಅಜ್ಜನಿಗೆ ಸಂದ ಹೊಗಳಿಕೆ ಈಗ ನನ್ನ ಪ್ರಾಮಾಣಿಕತೆಗೆ ಸಲ್ಲುತ್ತಿತ್ತು. ಕೇಳಬೇಕಾದವಳೇ ಅಲ್ಲಿರಲಿಲ್ಲ. ಅದೇ ಮಧ್ಯಾಹ್ನ ಅಜ್ಜನ ಹಳ್ಳಿಗೆ ಹೋದೆ.

ನೀಲವ್ವ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. “ನೀವು ಹೇಳಿದ್ದು ಖರೇ ಅದರಿ” ಎಂದೆ.

“ಖರೇ ಅನ್ನೋದು ನನಗ ಗೊತ್ತೈತ್ರಿ ಅಕ್ಕಾರ.”

“ಇವತ್ತು ಮುಂಜಾನೆ ಉತ್ಸವದಾಗ ಎಲ್ಲಾರ ಮುಂದೂ ಹೇಳಿ ಬಂದೆ.”

“ಯಾರ ಮುಂದ? ಈ ಊರಾವರು ಎಷ್ಟು ಮಂದಿ ಇದ್ರು ಅಲ್ಲಿ?”

ಉತ್ತರಕ್ಕೆ ಕಾಯದೆ ಆಕೆ ಎದ್ದು, ಸೊಸೆಯನ್ನೂ ಅಕ್ಕಪಕ್ಕದವರನ್ನೂ ಕೂಗಿ ಕರೆದಳು. ಹತ್ತು ಹನ್ನೆರಡು ಜನ ಕೂಡಿದರು. “ಇವರ ಮುಂದ ಹೇಳ್ರಿ. ನಮ್ಮಪ್ಪ ಬಾಳೇವು ಮಾಡಿದ್ದು ಈ ಓಣ್ಯಾಗ” ಎಂದಳು.

ಹೇಳತೊಡಗಿದೆ. ಅಜ್ಜನ ಹೆಸರು, ಚಾವಡಿ, ಠಾಣೆ, ಎಲ್ಲ ಬಂತು. “ಬೆಂಕಿ ಇಟ್ಟವರು...” ಎಂದು ಅಲ್ಲಿ ನಿಂತೆ. ಅಜ್ಜ ಪೊಲೀಸರ ಮುಂದೆ ಹೇಳಿದ ಹೆಸರು ಯಾವುದೆಂದು ನಾನು ಅತ್ತೆಯನ್ನು ಕೇಳಿರಲಿಲ್ಲ, ನೀಲವ್ವನನ್ನೂ ಕೇಳಿರಲಿಲ್ಲ. ಆ ಹೆಸರಿಲ್ಲದೆಯೇ ಬೆಳಿಗ್ಗೆ ನನ್ನ ತಪ್ಪೊಪ್ಪಿಗೆ ಚೆನ್ನಾಗಿ ನಡೆದುಹೋಗಿತ್ತು.

“ನಿಮ್ಮಪ್ಪಾರ ಹೆಸರು ಏನ್ರಿ?” ಎಂದು ತಲೆ ತಗ್ಗಿಸಿ ಕೇಳಿದೆ.

ನೀಲವ್ವ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

“ಭರಮಪ್ಪ” ಎಂದಳು. “ಜೋರಲೇ ಹೇಳ್ರಿ. ನನ್ನ ಸೊಸಿಗೆ ಕಿವಿ ಮಂದ.”

ಜೋರಾಗಿ ಹೇಳಿದೆ.